ಭರಣಿಯೊಳಗಿನ ರಾಜೀನಾಮೆ

ನಮ್ಮ ಮನೆಯ ಲ್ಯಾಪ್‌ಟಾಪಿನಲ್ಲಿ ‘ಮಿಡಿ ಉಪ್ಪಿನಕಾಯಿ’ ಎಂಬ ಫೋಲ್ಡರ್ ಒಂದಿತ್ತು. ಹೆಸರಿಟ್ಟದ್ದು ನಾನೇ. ನನ್ನಾಕೆ ಉಪ್ಪಿನಕಾಯಿ ಹಾಕುವವಳಲ್ಲ, ಪ್ರತಿ ರಜೆಗೂ ಕುಂದಾಪುರದಿಂದ ಅಮ್ಮನ ಭರಣಿ ಹೊತ್ತು ತರುವವಳು. ಆ ಫೋಲ್ಡರನ್ನು ಅವಳು ಜನ್ಮದಲ್ಲಿ ಮುಟ್ಟುವುದಿಲ್ಲ ಎಂದು ನನ್ನ ಲೆಕ್ಕ. ನಾನು ಕೆಲಸದಲ್ಲಿ ಅಕೌಂಟೆಂಟ್. ಲೆಕ್ಕ ತಪ್ಪುವುದು ಹೆಚ್ಚಾಗಿ ಮನೆಯಲ್ಲೇ. ಆ ವರ್ಷದ ಭರಣಿಗೆ ಬೂಸು ಹಿಡಿಯಿತು, ಅವಳು ಫೋಲ್ಡರ್ ತೆರೆದಳು. ಒಳಗೆ ಹನ್ನೊಂದು ರಾಜೀನಾಮೆ ಪತ್ರಗಳಿದ್ದವು.

ನಾನು ಆಫೀಸಿನಿಂದ ಬಂದು ಶೂ ಬಿಚ್ಚುವಾಗ ಅವಳು ಹನ್ನೊಂದನ್ನೂ ಓದಿ ಮುಗಿಸಿದ್ದಳು.

“ಎಲ್ಲ ಚೆನ್ನಾಗಿ ಕಳಿತಿದೆ ಮಾರಾಯ್ರೆ” ಎಂದಳು. “ಇಷ್ಟು ವರ್ಷ ಉಪ್ಪಿನಲ್ಲಿದೆಯಲ್ಲ.”

ನನ್ನ ಆಫೀಸು ಇದ್ದದ್ದು ಶರ್ಕ್‌ನಲ್ಲಿ. ಕುವೈತ್ ನಗರದ ಹಳೆಯ ಕೇರಿಗಳಲ್ಲಿ ಒಂದು ಅದು. ಅರಬ್ಬಿಯಲ್ಲಿ ಶರ್ಕ್ ಎಂದರೆ ಪೂರ್ವ. ಹಿಂದೆ ಮುತ್ತು ಹೆಕ್ಕುವವರೂ ಹಡಗಿನವರೂ ಇದ್ದ ಕಡಲ ಬದಿಯಲ್ಲಿ ಈಗ ಗಾಜಿನ ಗೋಪುರಗಳು, ಒಳಗೆ ನನ್ನಂಥವರು. ನಮ್ಮ ಕಿಟಕಿಯಿಂದ ಅಲ್ ಹಮ್ರಾ ಟವರ್ ಕಾಣುತ್ತದೆ, 412 ಮೀಟರ್, ದೇಶಕ್ಕೇ ಎತ್ತರದ್ದು. ಮರುಭೂಮಿಯ ಬಿಸಿಲು ತಾಗದಂತೆ ದಕ್ಷಿಣದ ಕಡೆ ಪೂರಾ ಕಲ್ಲಿನ ಗೋಡೆ ಕಟ್ಟಿ, ಸೂರ್ಯನಿಗೆ ಬೆನ್ನು ಹಾಕಿ ನಿಂತ ಕಟ್ಟಡ. ಅಷ್ಟು ದೊಡ್ಡ ದೇಹಕ್ಕೆ ಬೆನ್ನು ತಿರುಗಿಸಲು ಬಂತು, ನನ್ನ ಐದೂವರೆ ಅಡಿಗೆ ಬರಲಿಲ್ಲ.

ಕೆಲಸದಲ್ಲಿ ಅಂಥ ಘೋರ ಅನ್ಯಾಯವೇನೂ ಇರಲಿಲ್ಲ. ಇದ್ದಿದ್ದರೆ ಬಿಡುವುದು ಸುಲಭವಿತ್ತು. ಏಸಿಯ ಗಾಳಿ ನೇರ ನನ್ನ ಬೋಳುತಲೆಗೇ ಬೀಳುತ್ತಿತ್ತು. ನಾನು ಕಳಿಸಿದ ಈಮೇಲನ್ನು ಬಾಸ್ ಪ್ರಿಂಟ್ ತೆಗೆಸಿ, ಅದರ ಮೇಲೆ ಕೆಂಪು ಶಾಯಿಯಲ್ಲಿ ಪ್ರಶ್ನೆ ಬರೆದು, ಸ್ಕ್ಯಾನ್ ಮಾಡಿಸಿ ನನಗೇ ಈಮೇಲ್ ಮಾಡುತ್ತಿದ್ದರು. ಸಂಬಳದ ವಿಷಯ ಎತ್ತಿದರೆ “ಇನ್ಶಾ ಅಲ್ಲಾ, ಜನವರಿಯಲ್ಲಿ” ಎನ್ನುತ್ತಿದ್ದರು. ಯಾವ ಜನವರಿ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಧೈರ್ಯವೆಲ್ಲ ಪತ್ರದಲ್ಲಿ. ಮೊದಲನೆಯದನ್ನು ಸೇರಿದ ಮೂರನೇ ವಾರದಲ್ಲೇ ಬರೆದಿದ್ದೆ. ಅತ್ಯಂತ ಖಾರದ್ದು 2016ರ ಜುಲೈ 21ರದ್ದು. ಅಂದು ಕುವೈತಿನ ಮಿತ್ರಿಬಾದಲ್ಲಿ 53.9 ಡಿಗ್ರಿ ಸೆಕೆ ದಾಖಲಾಗಿತ್ತು. ನಾನಿದ್ದದ್ದು ಏಸಿಯ ಕೆಳಗೆ, ಮಫ್ಲರ್ ಸುತ್ತಿಕೊಂಡು. ಆದರೂ ಸಿಟ್ಟಿಗೊಂದು ನೆಪ ಬೇಕಲ್ಲ.

ಕೊಡದೇ ಇದ್ದದ್ದಕ್ಕೆ ಕಾರಣ ನಾನಲ್ಲ, ಕುವೈತಿನ ಕಾರ್ಮಿಕ ಕಾನೂನು ಎಂದು ಅವಳಿಗೆ ವಿವರಿಸಿದೆ. 2010ರ ಆರನೇ ಕಾನೂನು. ನಾವಾಗಿ ಕೆಲಸ ಬಿಟ್ಟರೆ, ಮೂರು ವರ್ಷ ತುಂಬುವ ಮೊದಲು ಇಂಡೆಮ್ನಿಟಿ, ಅಂದರೆ ಕೆಲಸ ಬಿಡುವಾಗ ಕೈಗೆ ಬರುವ ಇಡುಗಂಟು, ಸೊನ್ನೆ. ಮೂರಾದರೆ ಅರ್ಧ. ಐದಾದರೆ ಮೂರರಲ್ಲಿ ಎರಡು ಪಾಲು. ಹತ್ತು ತುಂಬಿದರೆ ಪೂರ್ತಿ. ಹೀಗಾಗಿ ಎರಡನೇ ವರ್ಷದಲ್ಲಿ ‘ಮೂರಾಗಲಿ’ ಎಂದೆ, ನಾಲ್ಕರಲ್ಲಿ ‘ಐದಾಗಲಿ’ ಎಂದೆ. ಐದು ಮುಗಿದು ಕೊಡೋಣ ಎನ್ನುವಾಗ 2020ರ ಮಾರ್ಚ್ ಬಂತು, ವಿಮಾನಗಳೇ ನಿಂತವು. ಆಗ ಅದೇ ಕೆಲಸವನ್ನು ತಬ್ಬಿಕೊಂಡು ಮಲಗಿದ್ದೆ. ಆ ವರ್ಷದ ಪತ್ರ ಫೋಲ್ಡರಿನಲ್ಲಿ ಇಲ್ಲ, ಬೇಕಾದರೆ ನೋಡು ಎಂದೆ.

“ನೋಡಿದೆ” ಎಂದಳು. “ಆ ವರ್ಷ ಬಾಸ್‌ಗೆ ಈದ್ ಶುಭಾಶಯ ಮಾತ್ರ ಇದೆ. ಎರಡು ಪುಟ.”

ಆ ಹೊತ್ತಿಗೆ ನನಗೊಂದು ಆಫರ್ ಬಂದಿತ್ತು. ದುಬೈಯೂ ಅಲ್ಲ, ಕೆನಡಾವೂ ಅಲ್ಲ, ಎದುರಿನ ಕಟ್ಟಡ. ರಸ್ತೆ ದಾಟಿದರೆ ಹೊಸ ಬದುಕು. ಸಂಬಳ ಎಂಬತ್ತು ದಿನಾರ್ ಜಾಸ್ತಿ. ಇಂಟರ್‌ವ್ಯೂಗೆ ಹೋದಾಗ ಅವರ ಕಿಟಕಿಯಿಂದ ನನ್ನ ಖಾಲಿ ಕುರ್ಚಿ ಕಂಡಿತು. ದೂರದಿಂದ ನೋಡಿದರೆ ಎಷ್ಟು ಲಕ್ಷಣವಾಗಿದೆ! ಅಲ್ಲಿ ಕುಳಿತವನು ಪುಣ್ಯವಂತನೇ ಇರಬೇಕು ಅನ್ನಿಸಿತು. ಅಲ್ಲಿನ ಮೂಲೆಯಲ್ಲಿ ಮಫ್ಲರ್ ಸುತ್ತಿಕೊಂಡ ಒಬ್ಬರು ಏನೋ ಟೈಪ್ ಮಾಡುತ್ತಿದ್ದವರು, ನಾನು ತಿರುಗಿದ್ದೇ ಫಟ್ಟನೆ ಲ್ಯಾಪ್‌ಟಾಪ್ ಮುಚ್ಚಿದರು.

“ಹಾಗಾದರೆ ಕೊಡಿ ಪತ್ರ” ಎಂದಳು ಇವಳು.

“ಕೊಡಬಹುದಿತ್ತು. ಆದರೆ ನನಗೀಗ ಒಂಬತ್ತು ವರ್ಷ ಎಂಟು ತಿಂಗಳು. ನೋಟೀಸು ಮೂರು ತಿಂಗಳು. ಇವತ್ತು ಕೊಟ್ಟರೆ ಒಂಬತ್ತು ವರ್ಷ ಹನ್ನೊಂದು ತಿಂಗಳಿಗೆ ಹೊರಗೆ. ಒಂದು ತಿಂಗಳಿಗಾಗಿ ಎರಡೂವರೆ ತಿಂಗಳ ಸಂಬಳಕ್ಕಿಂತ ಹೆಚ್ಚು ಹೋಗುತ್ತದೆ. ಅವರೋ ಭಾನುವಾರದೊಳಗೆ ಉತ್ತರ ಬೇಕು ಅಂತಿದ್ದಾರೆ.”

ಅವಳು ಚಪಾತಿ ಮಗುಚಿದಳು. “ಹತ್ತಾದ ಮೇಲೆ ಮುಂದಿನ ಮೆಟ್ಟಿಲು ಎಷ್ಟಕ್ಕೆ?”

“ಹತ್ತಾದ ಮೇಲೆ ಮೆಟ್ಟಿಲು ಇಲ್ಲ.”

“ಅಯ್ಯೋ, ಹಾಗಾದರೆ ಆಮೇಲೆ ಎಂತ ನೆಪ ಹೇಳ್ತೀರಿ?”

ಈ ಪ್ರಶ್ನೆ ನನ್ನನ್ನು ಎರಡು ರಾತ್ರಿ ನಿದ್ದೆಗೆಡಿಸಿತು. ಸಾಲ್ಮಿಯಾದ ನಮ್ಮ ಫ್ಲಾಟಿನಲ್ಲಿ ಊರಿನವರ ಸಭೆಯೇ ಸೇರಿತು. ಮಂಗಳೂರಿನ ಗೆಳೆಯ ಬಿಡು ಎಂದ. ಅವನು ಹದಿನೇಳು ವರ್ಷದಿಂದ ಒಂದೇ ಕಡೆ ಇದ್ದಾನೆ. ಭಟ್ಕಳದವರು ಬಿಡಬೇಡಿ ಎಂದರು. ಅವರು ಕೆಲಸ ಬಿಟ್ಟು ಸ್ವಂತ ಅಂಗಡಿ ಹಾಕಿದವರು. ಊರಿಗೆ ಫೋನ್ ಮಾಡಿದರೆ ಅಪ್ಪ, “ಈಗಿನ ಕೆಲಸದಲ್ಲಿ ಕೂತುಕೊಳ್ಳಲಿಕ್ಕೆ ಕುರ್ಚಿ ಉಂಟಲ್ಲ?” ಎಂದು ಕೇಳಿದರು. ಉಂಟು ಎಂದೆ. “ಮತ್ತೆಂತ ಬೇಕು?”

ಶನಿವಾರ ಬೆಳಿಗ್ಗೆ ಇವಳು ನನ್ನನ್ನು ಸೂಕ್ ಶರ್ಕ್ ಪಕ್ಕದ ಮೀನು ಮಾರುಕಟ್ಟೆಗೆ ಹೊರಡಿಸಿದಳು. ಅಲ್ಲಿ ಜುಬೈದಿ ಎನ್ನುವುದು ನಮ್ಮೂರಿನ ಮಾಂಜಿಯೇ, ಕುವೈತಿಗಳಿಗೂ ಅದೆಂದರೆ ಪ್ರಾಣ. ಒಂದು ರಾಶಿ ನೋಡಿದೆ. ಕಣ್ಣು ಹೊಳೆಯುತ್ತಿತ್ತು, ಕಿವಿರು ಕೆಂಪಗಿತ್ತು. ಆದರೂ ಮುಂದಿನ ಸಾಲಿನಲ್ಲಿ ಇದಕ್ಕಿಂತ ಒಳ್ಳೆಯದು ಇದ್ದೀತು ಎಂದು ಹೋದೆ. ಇರಲಿಲ್ಲ. ಹಿಂತಿರುಗುವಾಗ ಮೊದಲಿನ ರಾಶಿಯನ್ನು ಯಾರೋ ಬಾಚಿಕೊಂಡು ಹೋಗಿದ್ದರು. ಇವಳು ಏನೂ ಹೇಳಲಿಲ್ಲ. ಕೈಯಲ್ಲಿದ್ದ ಖಾಲಿ ಚೀಲವನ್ನು ನಾಲ್ಕಾಗಿ ಮಡಚಿ ನನ್ನ ಜೇಬಿಗೆ ತುರುಕಿದಳು.

ಆ ದಿನ ಮಧ್ಯಾಹ್ನ ನಮ್ಮಲ್ಲಿ ಬೇಳೆ ಸಾರು.

ಸಾರು ಉಂಡ ಹುರುಪಿನಲ್ಲಿ ಹನ್ನೆರಡನೆಯ ಪತ್ರ ಬರೆದೆ. ಇವಳು ತಿದ್ದಿದಳು. ‘ಅತ್ಯಂತ ದುಃಖದಿಂದ’ ಎಂಬುದನ್ನು ಹೊಡೆದಳು, ‘ಹತ್ತು ವರ್ಷಗಳ ಅಮೂಲ್ಯ ಅನುಭವ’ದಲ್ಲಿ ‘ಅಮೂಲ್ಯ’ ಹೊಡೆದಳು, ಆಮೇಲೆ ‘ಹತ್ತು’ ಹೊಡೆದು ಒಂಬತ್ತು ಮಾಡಿದಳು. ಉಳಿದದ್ದು ಎರಡೇ ಸಾಲು. ಭಾನುವಾರ ಕೊಡುವುದೆಂದು ಇಸ್ತ್ರಿ ಹಾಕಿದ ಅಂಗಿಯ ಜೇಬಿಗೆ ಸೇರಿಸಿದೆ.

ಭಾನುವಾರ ಬಾಸ್ ಕೋಣೆಯ ಬಾಗಿಲ ಹಿಡಿಗೆ ಕೈ ಹಾಕಿದ್ದೆ, ದೇವರಾಣೆಗೂ ಹಾಕಿದ್ದೆ, ಆಗ ಎದುರಿನ ಕಟ್ಟಡದಿಂದ ಫೋನ್ ಬಂತು. ಭಾರಿ ಸಂಕೋಚದ ದನಿ. ದಯವಿಟ್ಟು ತಪ್ಪು ತಿಳಿಯಬಾರದು, ಸೇರುವ ತಾರೀಖು ಸ್ವಲ್ಪ ಮುಂದೆ ಹೋಗುತ್ತದೆ, ಆ ಕುರ್ಚಿಯವರು ರಾಜೀನಾಮೆ ಕೊಡುತ್ತೇನೆ ಎಂದು ಹೇಳಿ ಇನ್ನೂ ಕೊಟ್ಟಿಲ್ಲ. ಅವರಿಗೆ ಹತ್ತು ವರ್ಷ ತುಂಬಲು ಸ್ವಲ್ಪವೇ ಬಾಕಿಯಂತೆ.

ಬಾಗಿಲ ಹಿಡಿ ಬಿಟ್ಟು ಕಾರಿಡಾರಿನಲ್ಲಿ ನಿಂತು ಮನೆಗೆ ಫೋನ್ ಮಾಡಿದೆ. ಎಲ್ಲ ಕೇಳಿದ ಮೇಲೆ ಇವಳು ಒಂದು ಕ್ಷಣ ಸುಮ್ಮನಿದ್ದಳು.

“ಅವರ ಹೆಂಡತಿಯ ನಂಬರ್ ಸಿಗಬಹುದಾ?” ಎಂದಳು. “ನಮ್ಮಿಬ್ಬರಿಗೆ ತುಂಬಾ ಮಾತಾಡಲಿಕ್ಕುಂಟು.”