ಅಪ್ರಸಿದ್ಧ ಕನ್ಚೆರ್ಟೊ ಮೀಮಾಂಸೆ

ವಿಷಯ: ಪಿಯಾನೊ ವಾದಕನೊಬ್ಬ ಇಡೀ ವಾದ್ಯವೃಂದವನ್ನು ಎದುರುಹಾಕಿಕೊಂಡು ನುಡಿಸುವ ಪಾಶ್ಚಾತ್ಯ ಕೃತಿಯೇ ಪಿಯಾನೊ ಕನ್ಚೆರ್ಟೊ. ಅದು ಪ್ರಸಿದ್ಧ, ಅಪ್ರಸಿದ್ಧ ಎಂದು ಎರಡು ವಿಧ. ಪ್ರಸಿದ್ಧವಾದದ್ದನ್ನು ನುಡಿಸಿದರೆ ತಪ್ಪೆಲ್ಲ ಸಭಿಕರಿಗೆ ತಿಳಿದುಹೋಗುತ್ತದೆ. ಅಪ್ರಸಿದ್ಧವಾದದ್ದನ್ನು ನುಡಿಸಿದರೆ ತಿಳಿಯುವುದಕ್ಕೆ ಸಭಿಕರೇ ಇರುವುದಿಲ್ಲ. ಮಾನವಂತರಿಗೆ ಎರಡನೆಯದೇ ಶ್ರೇಯಸ್ಕರವೆಂದು ಸಾಧಿಸುವುದು ಈ ಪ್ರಬಂಧದ ಪ್ರಯೋಜನ.

ಸೂತ್ರ 1: ಅಳತೆ ನೋಡಿ ಆರಿಸತಕ್ಕದ್ದು.
ಭಾಷ್ಯ: ಬುಸೋನಿಯ ಕನ್ಚೆರ್ಟೊಗೆ (1904) ಐದು ಭಾಗ, ಸುಮಾರು 70 ನಿಮಿಷ. ಕೊನೆಯ ಭಾಗದಲ್ಲಿ ಗಂಡಸರ ಗಾಯನಮೇಳವೂ ಬೇಕು. ನಾಲ್ಕು ಭಾಗ ಮುಗಿಯುವ ತನಕ ಆ ಗಂಡಸರು ಏನು ಮಾಡಬೇಕೆಂಬ ಬಗ್ಗೆ ಶಾಸ್ತ್ರ ಮೌನವಾಗಿದೆ. ರಿಮ್‌ಸ್ಕಿ-ಕೊರ್ಸಕೋವನದು ಕಾಲು ಗಂಟೆಯಲ್ಲಿ ಮುಗಿಯುತ್ತದೆ. ವಾಹನ ನಿಲ್ಲಿಸಲು ಜಾಗ ಹುಡುಕುವ ರಸಿಕರಿಗೆ ಅದು ನಿಷಿದ್ಧ.

ಸೂತ್ರ 2: ಖರ್ಚು ನೋಡಿ ಆರಿಸತಕ್ಕದ್ದು.
ಭಾಷ್ಯ: 1857ರಲ್ಲಿ ಪ್ರಕಟವಾದ ಆಲ್ಕಾನನ ಕನ್ಚೆರ್ಟೊಗೆ ವಾದ್ಯವೃಂದವೇ ಬೇಡ. ಅದರ ಪಾಲನ್ನೂ ಪಿಯಾನೊದವನೇ ನುಡಿಸಬೇಕು, ಸುಮಾರು 50 ನಿಮಿಷ. ಮಿಕ್ಕ ಹಣ ವಾದಕನ ಮಣಿಕಟ್ಟಿನ ಚಿಕಿತ್ಸೆಗೆ ವಿನಿಯೋಗ.

ಸೂತ್ರ 3: ದುಡ್ಡು ಕೊಟ್ಟವನನ್ನು ನಂಬತಕ್ಕದ್ದಲ್ಲ.
ಭಾಷ್ಯ: ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡ ಪಿಯಾನೊ ವಾದಕ ಪಾಲ್ ವಿಟ್‌ಗೆನ್‌ಸ್ಟೈನ್ ಎಡಗೈಗೆಂದೇ ಕನ್ಚೆರ್ಟೊಗಳನ್ನು ಬರೆಸಿದ. ಪ್ರೊಕೊಫಿಯೆವ್ 1931ರಲ್ಲಿ ಬರೆದುಕೊಟ್ಟದ್ದನ್ನು ಅವನು ನುಡಿಸಲೇ ಇಲ್ಲ. ಅದು ಸಭೆ ಕಂಡದ್ದು 1956ರಲ್ಲಿ. ಹಿಂಡೆಮಿತ್ 1923ರಲ್ಲಿ ಬರೆದದ್ದು ಜನರ ಕಿವಿಗೆ ಬಿದ್ದದ್ದು 2004ರಲ್ಲಿ. ಅಪ್ರಸಿದ್ಧಿಯಲ್ಲಿ ಇದಕ್ಕಿಂತ ಮೇಲಿನ ಪದವಿಯಿಲ್ಲ.

ಪೂರ್ವಪಕ್ಷ: ಚೆನ್ನಾಗಿದ್ದರೆ ತಾನಾಗಿಯೇ ಪ್ರಸಿದ್ಧವಾಗುತ್ತಿರಲಿಲ್ಲವೇ?

ಸಮಾಧಾನ: ಇಲ್ಲ. ಚೈಕೋವ್‌ಸ್ಕಿಯ ಮೊದಲ ಕನ್ಚೆರ್ಟೊವನ್ನು 1874ರಲ್ಲಿ ಕೇಳಿದ ಪಿಯಾನೊ ವಾದಕ ನಿಕೊಲಾಯ್ ರುಬಿನ್‌ಸ್ಟೈನ್ ನುಡಿಸಲು ಯೋಗ್ಯವಲ್ಲವೆಂದು ಹಳಿದ. ಮರುವರ್ಷ ಹಾನ್ಸ್ ಫೊನ್ ಬ್ಯೂಲೊ ಅದನ್ನು ಬಾಸ್ಟನ್‌ನಲ್ಲಿ ನುಡಿಸಿದ. ಇವತ್ತು ಅದರಿಂದ ತಪ್ಪಿಸಿಕೊಳ್ಳುವುದೇ ಕಷ್ಟ. ಅದೇ ಚೈಕೋವ್‌ಸ್ಕಿಯ ಎರಡನೆಯದನ್ನು ಕೇಳಿದವರು ಕೈ ಎತ್ತಿರಿ! ನುಡಿಸುವವರಿಲ್ಲದ್ದರಿಂದ ಅಪ್ರಸಿದ್ಧ, ಅಪ್ರಸಿದ್ಧವಾದ್ದರಿಂದ ನುಡಿಸುವವರಿಲ್ಲ: ತಾರ್ಕಿಕರು ಇದನ್ನೇ ಅನ್ಯೋನ್ಯಾಶ್ರಯ ದೋಷವೆನ್ನುತ್ತಾರೆ, ಮ್ಯಾನೇಜರುಗಳು ಮಾರುಕಟ್ಟೆಯೆನ್ನುತ್ತಾರೆ.

ಸಿದ್ಧಾಂತ: ಆದ್ದರಿಂದ ಮೆಟ್ನರನ ಮೂರನೆಯ ಕನ್ಚೆರ್ಟೊವೇ ಗ್ರಾಹ್ಯ. 1944ರಲ್ಲಿ, ಯುದ್ಧಕಾಲದ ಲಂಡನ್ನಿನಲ್ಲಿ, ಕರ್ತೃವೇ ಅದನ್ನು ಮೊದಲು ನುಡಿಸಿದ. ಮುಂದೆ ಅವನ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರು ಲಂಡನ್ನಿನ ಧನಿಕರಲ್ಲ, ಮೈಸೂರಿನ ಜಯಚಾಮರಾಜ ಒಡೆಯರು. ಮೆಟ್ನರನ ಮೂರೂ ಕನ್ಚೆರ್ಟೊಗಳು ಅವನದೇ ಕೈಯಲ್ಲಿ ಮುದ್ರಣಗೊಂಡವು. ಮೂರನೆಯದನ್ನು ಅವನು ಮಹಾರಾಜರಿಗೇ ಅರ್ಪಿಸಿದ. ಕನ್ನಡ ನಾಡಿನ ಅರಸರ ಹೆಸರು ಹೊತ್ತ ಕನ್ಚೆರ್ಟೊ ಇದ್ದೂ ಮತ್ತೆ ಚೈಕೋವ್‌ಸ್ಕಿಯ ಮೊದಲನೆಯದಕ್ಕೇ ಕ್ಯೂ ನಿಲ್ಲುವವನ ಗತಿಯನ್ನು ಯಾವ ಪುರಾಣವೂ ಹೇಳಿಲ್ಲ.

ಫಲಶ್ರುತಿ: ಇದನ್ನು ಓದಿದ ವಾದಕನಿಗೆ ಧೈರ್ಯ, ವಾದ್ಯವೃಂದಕ್ಕೆ ಹೆಚ್ಚುವರಿ ತಾಲೀಮು, ಮ್ಯಾನೇಜರಿಗೆ ನಿದ್ರಾಭಂಗ ಪ್ರಾಪ್ತವಾಗುತ್ತವೆ. ಓದುಗರು ಮಾಡಬೇಕಾದ ಶಾಂತಿ ಒಂದೇ: ಹೆಸರು ಕೇಳದ ಕೃತಿ ಕಂಡಾಗ ಟಿಕೆಟ್ ಕೊಂಡು ಹೋಗಿ ಕೂರಿ. ಪಾಸಿನಲ್ಲಿ ಬಂದವರಿಗೆ ಅರ್ಧ ಫಲ.