ಚಮಚ ಪತನ ಶಾಸ್ತ್ರ: ಇಟಲಿಯ ಊಟದ ಮೇಜು ಮತ್ತು ಎರಡು ವರ್ಷದ ಕೂಸು

ಪರದೇಶದಲ್ಲಿ ಕೂಸನ್ನು ಕಟ್ಟಿಕೊಂಡು ಹೋಟೆಲಿನಲ್ಲಿ ಊಟ ಮಾಡುವುದು ಶಾಸ್ತ್ರವೋ ಹಣೆಬರಹವೋ ಎಂಬ ವಿಷಯದಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಪೂರ್ವಸೂರಿಗಳಿಂದಲೂ ಹೆಚ್ಚಿನ ನೆರವು ಸಿಗುವುದಿಲ್ಲ. 16ನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಕನ್ನಡದಲ್ಲೇ 'ಸೂಪಶಾಸ್ತ್ರ' ಬರೆದ; ಆದರೆ ಅದು ಅಡುಗೆ ಮಾಡುವವರ ಶಾಸ್ತ್ರ, ಎರಚುವವರದಲ್ಲ. ಪೆಲ್ಲೆಗ್ರಿನೊ ಅರ್ತೂಸಿ 1891ರಲ್ಲಿ ಫ್ಲಾರೆನ್ಸಿನಲ್ಲಿ ಸ್ವಂತ ಖರ್ಚಿನಿಂದ ಅಚ್ಚು ಹಾಕಿಸಿದ ಅಡುಗೆ ಪುಸ್ತಕ ಬೆಳೆಯುತ್ತ ಬೆಳೆಯುತ್ತ 790 ಪಾಕಗಳನ್ನು ಮುಟ್ಟಿತು. ಆದರೇನು, ಅರ್ತೂಸಿ ಕಡೆಯವರೆಗೂ ಬ್ರಹ್ಮಚಾರಿ. ಇಂಥವರ ಸಾಕ್ಷ್ಯವನ್ನು ಈ ಪ್ರಬಂಧ ಮಾನ್ಯ ಮಾಡುವುದಿಲ್ಲ.

ಆದ್ದರಿಂದ ಬೆಂಗಳೂರಿನಿಂದ ಇಟಲಿಗೆ ಹೋದ ಒಂದು ಸಂಸಾರವನ್ನು ಮಾದರಿಯಾಗಿ ಇಟ್ಟುಕೊಳ್ಳಬೇಕು: ಗಂಡ, ಹೆಂಡತಿ, ಎರಡು ತುಂಬಲು ಇನ್ನೂ ಕೆಲವು ತಿಂಗಳಿರುವ ಮಗ.

ಮೊದಲನೆಯದು ಕಾಲ ಪ್ರಕರಣ. ಇಟಲಿಯ ಊಟದ ಹೋಟೆಲುಗಳಲ್ಲಿ ಸಾಮಾನ್ಯವಾಗಿ ಮಧ್ಯಾಹ್ನ ಎರಡೂವರೆ, ಮೂರಕ್ಕೆ ಒಲೆ ಆರಿದರೆ ಮತ್ತೆ ಹೊತ್ತುವುದು ರಾತ್ರಿ ಏಳೂವರೆಗೆ. ಬೇಸಿಗೆಯಲ್ಲಿ ಆ ದೇಶ ನಮಗಿಂತ ಮೂರೂವರೆ ತಾಸು ಹಿಂದೆ. ಅಂದರೆ ವೇಟರ್ ಮೆನು ಹಿಡಿದು ಬರುವಾಗ, ನಿನ್ನೆಯಷ್ಟೇ ವಿಮಾನ ಇಳಿದ ಕೂಸಿನ ಹೊಟ್ಟೆಯಲ್ಲಿ ರಾತ್ರಿ ಹನ್ನೊಂದು. ಚಳಿಗಾಲದಲ್ಲಾದರೆ ಹನ್ನೆರಡು. ಆ ಹೊತ್ತಿನಲ್ಲಿ ಎಬ್ಬಿಸಿ ಕುರ್ಚಿಗೆ ಬೆಲ್ಟ್ ಬಿಗಿದು ಕೂರಿಸಿದರೆ ಹೈಕೋರ್ಟ್ ನ್ಯಾಯಾಧೀಶರೂ ಬ್ರೆಡ್ ಎಸೆದಾರು.

ಎರಡನೆಯದು ಪತನ ಪ್ರಕರಣ. ಈ ಶಾಸ್ತ್ರದ ಜೀವಾಳವೇ ಇದು. ಗೆಲಿಲಿಯೋ 1564ರಲ್ಲಿ ಹುಟ್ಟಿದ್ದು ಪೀಸಾದಲ್ಲಿ. ಅಲ್ಲಿನ ವಾಲುಗೋಪುರದ ಮೇಲಿಂದ ಅವನು ಗುಂಡು ಬೀಳಿಸಿದ ಎಂಬುದು ಶಿಷ್ಯ ವಿವಿಯಾನಿ ಬರೆದಿಟ್ಟ ಕಥೆ, ಅದನ್ನು ಅನುಮಾನಿಸುವ ಇತಿಹಾಸಕಾರರು ಬಹಳ. ಕೂಸಿನ ಪ್ರಯೋಗಕ್ಕಾದರೋ ಅಕ್ಕಪಕ್ಕದ ಮೇಜಿನವರೆಲ್ಲ ಸಾಕ್ಷಿ. ಚಮಚ ಎಡಕ್ಕೆ ಬಿತ್ತು. ವೇಟರ್ ಬಗ್ಗಿ ಎತ್ತಿಕೊಂಡು ಹೋಗಿ ಬೇರೆಯದು ತಂದ. ಅದು ಬಲಕ್ಕೆ ಬಿತ್ತು. ಮೂರನೆಯದನ್ನು ಕೂಸು ಕೈ ಚಾಚಿ ಹಿಡಿದು, ಒಮ್ಮೆ ವೇಟರನ ಮುಖ, ಒಮ್ಮೆ ನೆಲ ನೋಡಿ, ಒಂದೊಂದೇ ಬೆರಳು ಸಡಿಲಿಸಿತು.

ಇದು ತುಂಟತನವಲ್ಲ ಎಂದು ತೋರಿಸಿಕೊಟ್ಟವನು ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ. ತನ್ನ ಮೂವರು ಮಕ್ಕಳನ್ನೇ ಗಮನಿಸಿ ಬರೆದು 1936ರಲ್ಲಿ ಹೊರತಂದ ಪುಸ್ತಕದಲ್ಲಿ, ಹತ್ತು ತಿಂಗಳ ಮಗ ಲೊರಾಂ ಮಲಗಿದ್ದಲ್ಲೇ ಸೆಲ್ಯುಲಾಯ್ಡ್ ಹಂಸವನ್ನೂ ಡಬ್ಬಿಯನ್ನೂ ಕೈ ಚಾಚಿ ಬೇರೆಬೇರೆ ಕಡೆಯಿಂದ ಬೀಳಿಸಿ ನೋಡಿದ್ದನ್ನು ದಾಖಲಿಸಿದ್ದಾನೆ. ಒಂದು ವರ್ಷದಿಂದ ಒಂದೂವರೆಯೊಳಗೆ ಈ ಸಂಶೋಧನಾ ಬುದ್ಧಿ ಬಲಿಯುತ್ತದಂತೆ. ಹಂಸವನ್ನು ಬಗ್ಗಿ ಬಗ್ಗಿ ಎತ್ತಿಕೊಟ್ಟವರಿಗೆ ವಿಜ್ಞಾನದ ಚರಿತ್ರೆ ಯಾವ ಪದವಿಯನ್ನೂ ಕೊಟ್ಟಿಲ್ಲ.

ಮೂರನೆಯದು ಅನ್ನ ಪ್ರಕರಣ. ಈ ವಯಸ್ಸಿಗೆ ಹೊಸ ತಿನಿಸೆಲ್ಲ ಶತ್ರುಪಕ್ಷ. ಇಟಲಿಯ ಅಮ್ಮಂದಿರ ಉತ್ತರ 'ಪಾಸ್ತಾ ಇನ್ ಬಿಯಾಂಕೊ': ಬೆಂದ ಪಾಸ್ತಾ, ಬೆಣ್ಣೆ ಅಥವಾ ಆಲಿವ್ ಎಣ್ಣೆ, ಮೇಲೆ ತುರಿದ ಚೀಸ್. ನಮ್ಮ ತುಪ್ಪದನ್ನಕ್ಕೆ ಇದು ಖಾಸಾ ದಾಯಾದಿ. ಮೆನುವಿನಲ್ಲಿ ಇಲ್ಲದಿದ್ದರೂ ಕೇಳಿದರೆ ಮಾಡಿಕೊಡುತ್ತಾರೆ. ಅಪ್ಪಟ ಸಸ್ಯಾಹಾರಿಗಳು ಇಲ್ಲಿ ಸ್ವಲ್ಪ ನಿಲ್ಲಬೇಕು: ಪಾರ್ಮಿಜಾನೊ ರೆಜ್ಜಾನೊ ಚೀಸಿಗೆ ಹಾಲು ಒಡೆಸುವುದು ಕರುವಿನ ಜಠರದಿಂದ ತೆಗೆದ ರೆನೆಟ್‌ನಿಂದ. ಅದು ಕಡಿಮೆಯೆಂದರೂ 12 ತಿಂಗಳು ಮಾಗಬೇಕು. 24 ತಿಂಗಳದಾದರೆ ತಿನ್ನುವ ಕೂಸಿಗಿಂತ ಚೀಸೇ ಹಿರಿಯ.

ಪಾಸ್ತಾ ಬರುವ ತನಕ ಸಂಸಾರವನ್ನು ಕಾಪಾಡುವುದು ಗ್ರಿಸ್ಸೀನಿ, ಅಂದರೆ ಉದ್ದುದ್ದ ಬ್ರೆಡ್ ಕಡ್ಡಿ. ಟ್ಯೂರಿನ್ನಿನವರ ಹೇಳಿಕೆ ಪ್ರಕಾರ 1679ರಲ್ಲಿ ಅಂತೋನಿಯೊ ಬ್ರುನೇರೊ ಎಂಬ ಬೇಕರಿಯವನು ಇದನ್ನು ಮಾಡಿದ್ದೇ, ತಿಂದದ್ದು ಅರಗದ ಬಾಲದೊರೆ ಎರಡನೆಯ ವಿತ್ತೋರಿಯೊ ಅಮೆದೇಯೊಗಾಗಿ. ಊಟಕ್ಕೆ ತಕರಾರಿದ್ದ ಹುಡುಗನೊಬ್ಬನಿಗೆ ಅರಮನೆಯೇ ಸೋತ ಮೇಲೆ ಟೂರ್ ಪ್ಯಾಕೇಜಿನಲ್ಲಿ ಬಂದವರ ಪಾಡೇನು!

ತುತ್ತಿಡುವ ವಿಧಾನದಲ್ಲಿ ಎರಡು ಪಂಥಗಳಿವೆ. ಅಮೆರಿಕದ ವೈದ್ಯೆ ಕ್ಲಾರಾ ಡೇವಿಸ್ 1928ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೂಸುಗಳ ಮುಂದೆ ಬಗೆಬಗೆಯ ತಿನಿಸನ್ನು ಇಟ್ಟು, ದಾದಿ ಚಮಚ ಹಿಡಿದು ತೆಪ್ಪಗೆ ಕೂರಬೇಕು, ಕೂಸು ತಾನಾಗಿ ಬೇಕೆಂದು ತೋರಿಸುವವರೆಗೆ ಕೈ ಅಲ್ಲಾಡಿಸಬಾರದು ಎಂದು ಕಟ್ಟಪ್ಪಣೆಯಿತ್ತು. ಮಕ್ಕಳು ಚೆನ್ನಾಗಿಯೇ ಬೆಳೆದವು. ಆ ದಾದಿಯರಲ್ಲಿ ಕನ್ನಡದ ತಾಯಿ ಒಬ್ಬಳಿದ್ದಿದ್ದರೆ ಪ್ರಯೋಗ ಮೊದಲ ದಿನವೇ ಕೆಡುತ್ತಿತ್ತು. "ಬಂಗಾರ, ಇದೊಂದೇ ತುತ್ತು ಕಣೋ. ಕಾಕಿಗೊಂದು, ಗುಬ್ಬಿಗೊಂದು, ಅಜ್ಜಿಗೊಂದು" ಎಂಬ ಪಂಥ ನಮ್ಮದು. ವೆನಿಸ್‌ಗೆ ಹೋಗುವವರು ಎಚ್ಚರವಹಿಸಬೇಕು: ಅಲ್ಲಿನ ಸಂತ ಮಾರ್ಕನ ಚೌಕದಲ್ಲಿ 2008ರಿಂದ ಪಾರಿವಾಳಗಳಿಗೆ ಕಾಳು ಹಾಕುವುದು ನಿಷಿದ್ಧ. ಹಕ್ಕಿಗೊಂದು ತುತ್ತು ಎಂದು ನಿಜವಾಗಿಯೂ ಎಸೆದರೆ ದಂಡ ಬೀಳುತ್ತದೆ.

ನಾಲ್ಕನೆಯದು ಅನುಮಾನ ಪ್ರಕರಣ. ತಾರ್ಕಿಕರು ಹೊಗೆ ಕಂಡು ಬೆಂಕಿಯನ್ನು ಊಹಿಸುತ್ತಾರೆ. ಇಲ್ಲಿ ಲಿಂಗವು, ಅಂದರೆ ಕಾಣುವ ಗುರುತು, ಮೌನ; ಸಾಧ್ಯವು, ಅಂದರೆ ಅದರಿಂದ ಊಹಿಸುವುದು, ಅನಾಹುತ. "ರೀ, ಇವನ್ಯಾಕೆ ಸುಮ್ಮನಿದ್ದಾನೆ?" ಎಂದು ಹೆಂಡತಿ ಕೇಳಿದಳು. ಗಂಡ ಬಗ್ಗಿ ನೋಡಿದ. ಬೆಣ್ಣೆ ಹಚ್ಚಿದ ಪಾಸ್ತಾ ಒಂದೊಂದಾಗಿ ಅವನ ತೆರೆದ ಕ್ಯಾಮೆರಾ ಬ್ಯಾಗಿಗೆ ಇಳಿಯುತ್ತಿತ್ತು.

ಬಿಲ್ಲಿನಲ್ಲಿ 'ಕೊಪೆರ್ತೊ' ಎಂಬ ಬಾಬ್ತು ಇರುತ್ತದೆ; ಮೇಜಿಗೆ ಕೂತದ್ದಕ್ಕೆ ತಲೆಗೆ ಇಷ್ಟು ಎಂದು ಲೆಕ್ಕ. ರೋಮ್ ಇರುವ ಲಾಜಿಯೊ ಪ್ರಾಂತ್ಯ 2006ರಲ್ಲಿ ಇದನ್ನು ಕಾನೂನು ಮಾಡಿ ತೆಗೆಯಿತು, ಆದರೂ ಬ್ರೆಡ್ಡಿನ ಹೆಸರಿನಲ್ಲಿ ವಸೂಲಿ ನಡೆದೇ ಇದೆ. ಚಮಚ ಎತ್ತಿದ್ದಕ್ಕೆ, ಮೇಜಿನಡಿ ಗುಡಿಸಿದ್ದಕ್ಕೆ ಪ್ರತ್ಯೇಕ ಬಾಬ್ತಿಲ್ಲ. ಹಾಗಾಗಿ ಈ ಪ್ರಬಂಧದ ಶಿಫಾರಸು ಇಷ್ಟೇ: ಬಾಗಿಲು ತೆರೆಯುವ ಏಳೂವರೆಗೇ ಹೋಗಿ ಮೂಲೆಯ ಮೇಜು ಹಿಡಿಯಿರಿ, ಕೂಸಿನ ಪಾಸ್ತಾ ಮೊದಲು ಹೇಳಿ, ಏಳುವ ಮುಂಚೆ ಕೆಳಗೆ ಬಿದ್ದದ್ದನ್ನು ನೀವೇ ಆರಿಸಿ, ವೇಟರಿಗೆ ನಾಲ್ಕು ಕಾಸು ಹೆಚ್ಚಿಗೆ ಇಟ್ಟು ಬನ್ನಿ.