ಎಸ್ಸೆಸ್ಸೆಲ್ಸಿ ರಾಯರು

ಎಸ್ಸೆಸ್ಸೆಲ್ಸಿ ರಾಯರು ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳಲ್ಲಿ ಬೀದಿಗೊಬ್ಬರಂತೆ ಸಿಗುವ ಹಿರಿಯರು. ಬ್ಯಾಂಕು, ಏಜೀಸ್ ಆಫೀಸು, ಎಚ್‌ಎಎಲ್ ಇವುಗಳಲ್ಲೊಂದರಿಂದ ಪಿಂಚಣಿ ಬರುತ್ತಿರುತ್ತದೆ. ಬೆಳಗಿನ ಹೊತ್ತು ಮಫ್ಲರು ಸುತ್ತಿಕೊಂಡು ಕೃಷ್ಣರಾವ್ ಪಾರ್ಕಿನಲ್ಲೋ ಸ್ಯಾಂಕಿ ಕೆರೆ ಏರಿಯ ಮೇಲೋ ನಡೆಯುತ್ತಾರೆ. ಹತ್ತನೇ ಕ್ಲಾಸು ಮುಗಿಸಿದ ಹುಡುಗ ಎದುರಾದರೆ ನಡಿಗೆ ನಿಲ್ಲುತ್ತದೆ. “ಏನಪ್ಪಾ, ಎಷ್ಟು ಬಂತು?” ಎಂಬುದು ಮೊದಲ ಪ್ರಶ್ನೆ. ಹುಡುಗನ ಹೆಸರು ಕೇಳುವುದು ಆಮೇಲೆ, ಅದೂ ಎಂಬತ್ತೈದು ಪರ್ಸೆಂಟ್ ದಾಟಿದ್ದರೆ.

ರಾಯರ ಸ್ವಂತ ಮಾರ್ಕ್ಸ್ ಕಾರ್ಡು ಬೀರುವಿನಲ್ಲಿ, ಎಲ್‌ಐಸಿ ಬಾಂಡುಗಳ ಕೆಳಗೆ, ಲ್ಯಾಮಿನೇಷನ್ ಹೊದ್ದು ಮಲಗಿರುತ್ತದೆ. ಅದರಲ್ಲಿರುವ ಜನ್ಮದಿನಾಂಕ ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡದ್ದು, ಜಾತಕದ್ದು ಬೇರೆ. ಪಾಸ್‌ಪೋರ್ಟು, ನಿವೃತ್ತಿ ಮೇಷ್ಟ್ರ ಲೆಕ್ಕದಂತೆ. ಷಷ್ಟ್ಯಬ್ದಿ ಜಾತಕದ ಲೆಕ್ಕದಂತೆ. ಗಣಿತದಲ್ಲಿ ಬಂದ ಅಂಕ ಮೊಮ್ಮಕ್ಕಳಿಗೂ ಬಾಯಿಪಾಠ. ಇಂಗ್ಲಿಷಿನಲ್ಲಿ ಬಂದದ್ದು ಹೆಂಡತಿಗೂ ಗೊತ್ತಿಲ್ಲ.

ರಾಯರ ಸಿದ್ಧಾಂತ ಸರಳ: “ಪರೀಕ್ಷೆ ಅಂದ್ಮೇಲೆ ಫೇಲಾಗೋರೂ ಇರ್ಬೇಕು ಕಣ್ರೀ.” ಇದಕ್ಕೆ ಇತ್ತೀಚಿನ ವರ್ಷಗಳಲ್ಲಿ ಬಿದ್ದ ಪೆಟ್ಟು ಒಂದೆರಡಲ್ಲ. ಕೋವಿಡ್ ಕಾಲದ 2021ರಲ್ಲಿ ಇಡೀ ಪರೀಕ್ಷೆ ಬಹು ಆಯ್ಕೆಯ ಪ್ರಶ್ನೆಗಳಾಗಿ ಎರಡೇ ದಿನದಲ್ಲಿ ಮುಗಿಯಿತು. ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳಲ್ಲಿ ಒಬ್ಬರ ಹೊರತು ಎಲ್ಲರೂ ಪಾಸಾದರು. ಆ ಒಬ್ಬರಿಂದ ರಾಯರಿಗೆ ಕೊಂಚ ಸಮಾಧಾನ. 2024ರಲ್ಲಿ ಕೊಠಡಿಗಳಿಗೆ ಕ್ಯಾಮೆರಾ ಬಂದು ಫಲಿತಾಂಶ 83.89ರಿಂದ ಶೇ. 73.40ಕ್ಕೆ ಇಳಿದಾಗ ಅವರು ಎರಡನೇ ಸಲ ಕಾಫಿ ಕೇಳಿದರು. ಅದೂ ಗ್ರೇಸ್ ಮಾರ್ಕ್ಸ್ ಸೇರಿಸಿದ ಲೆಕ್ಕ ಎಂದು ಪತ್ರಿಕೆಯಲ್ಲಿ ಓದಿ ಲೋಟ ಕೆಳಗಿಟ್ಟರು. ಅದೇ ವರ್ಷದಿಂದ ಸಪ್ಲಿಮೆಂಟರಿ ಹೋಗಿ ಮೂರು ಪರೀಕ್ಷೆಗಳಾದವು. 2025ರಲ್ಲಿ ಪಾಸಿನ ಗೆರೆಯನ್ನು 35ರಿಂದ 33ಕ್ಕೆ ಇಳಿಸುವ ತೀರ್ಮಾನ ಹೊರಬಿತ್ತು. ಪರೀಕ್ಷಾ ಮಂಡಳಿಯ ಕಚೇರಿ ಮಲ್ಲೇಶ್ವರದಲ್ಲೇ ಇರುವುದರಿಂದ ಅಲ್ಲಿನ ರಾಯರು ಅದನ್ನು ಪಕ್ಕದ ಮನೆಯವರನ್ನು ಬೈಯುವ ಸಲಿಗೆಯಿಂದ ಬೈಯುತ್ತಾರೆ.

ಸಿದ್ಧಾಂತ ಹೊಸಿಲು ದಾಟಿ ಮನೆಯೊಳಗೆ ಬರುವುದಿಲ್ಲ. ಸಿಬಿಎಸ್‌ಇ 2011ರಿಂದ 2017ರವರೆಗೆ ಹತ್ತನೇ ತರಗತಿಯ ಬೋರ್ಡ್ ಪರೀಕ್ಷೆಯನ್ನು ಐಚ್ಛಿಕ ಮಾಡಿತ್ತು. ಮೊಮ್ಮಗ ಶಾಲೆಯಲ್ಲೇ ಪರೀಕ್ಷೆ ಬರೆದು ಸಿಜಿಪಿಎ ಹತ್ತಕ್ಕೆ ಹತ್ತು ತಂದಾಗ ರಾಯರು ಬೀದಿಗೆಲ್ಲ ಮೈಸೂರು ಪಾಕ್ ಹಂಚಿದರು. 2018ರಲ್ಲಿ ಬೋರ್ಡ್ ಪರೀಕ್ಷೆ ಮತ್ತೆ ಕಡ್ಡಾಯವಾದಾಗ “ನಾನು ಆಗಲೇ ಹೇಳಿರಲಿಲ್ವೆ?” ಎಂದರು.

ರಾಯರ ವಾದದಲ್ಲಿ ಹುರುಳಿಲ್ಲವೆಂದಲ್ಲ. ಸ್ಥಿತಿವಂತರ ಮನೆಯ ಹುಡುಗನಿಗೂ ಗಾಂಧಿ ಬಜಾರಿನಲ್ಲಿ ಹೂ ಮಾರುವವರ ಮಗಳಿಗೂ ಒಂದೇ ಪ್ರಶ್ನೆಪತ್ರಿಕೆ, ಹೆಸರು ನೋಡದೆ ತಿದ್ದುವ ಮೌಲ್ಯಮಾಪಕರು. ಶಿಫಾರಸು ಮಾಡುವವರಿಲ್ಲದ ಮಕ್ಕಳಿಗೆ ಆ ಕಾರ್ಡೇ ಶಿಫಾರಸು. ಆದ್ದರಿಂದ ಪರೀಕ್ಷೆ ಇರಬೇಕು, ಎಡವಿದವರಿಗೆ ಮೂರು ಅವಕಾಶವೂ ಇರಬೇಕು. ಮಂಡಳಿ ಒಮ್ಮೆ ತಿದ್ದಿದ ಉತ್ತರಪತ್ರಿಕೆಯನ್ನು ರಾಯರು ಬೀದಿಯಲ್ಲಿ ನಿಂತು ಇನ್ನೊಮ್ಮೆ ತಿದ್ದಬೇಕಾಗಿಲ್ಲ.